ಟೊಂಗಾದ ನುಡಿಯಲ್ಲಿ ಉಳಿದಿರುವ ಕಡಲ ದಾರಿ

ಪೆಸಿಫಿಕ್ ಸಾಗರದ ದ್ವೀಪರಾಷ್ಟ್ರ ಟೊಂಗಾದವರು ಮಳೆಗೆ ‘ಉಹ’ ಎನ್ನುತ್ತಾರೆ. ‘ಉ’ ಹೇಳುವ ಮುನ್ನ ಗಂಟಲನ್ನು ಕ್ಷಣಕಾಲ ಬಿಗಿಹಿಡಿದು ಬಿಡಬೇಕು. ಆ ಬಿಗಿತವೇ ಅಲ್ಲಿ ಒಂದು ವ್ಯಂಜನ. ಸಮೋವಾ, ಹವಾಯಿ ಮತ್ತು ನ್ಯೂಜಿಲೆಂಡಿನ ಮಾವೊರಿ ನುಡಿಗಳಲ್ಲಿ ಮಳೆಗೆ ಬರಿಯ ‘ಉಅ’. ಗಂಟಲ ಬಿಗಿತವೂ ಹೋಗಿದೆ, ಹಕಾರವೂ ಹೋಗಿದೆ. ಆದರೆ ‘ಎರಡು’ ಎನ್ನುವಲ್ಲಿ ಕಥೆ ತಿರುವುಮುರುವು. ಮಾವೊರಿಯಲ್ಲಿ ‘ರುಅ’, ಸಮೋವಾದಲ್ಲಿ ‘ಲುಅ’. ಟೊಂಗಾದಲ್ಲಿ ಮೊದಲ ವ್ಯಂಜನ ಬಿದ್ದು ‘ಉಅ’ ಮಾತ್ರ ಉಳಿದಿದೆ.

ಇಂತಹ ಉಳಿವು ಅಳಿವುಗಳನ್ನು ಹೋಲಿಸಿಯೇ ಭಾಷಾವಿಜ್ಞಾನಿಗಳು ಪಾಲಿನೇಷ್ಯದ, ಅಂದರೆ ಈ ದ್ವೀಪಸಮೂಹಗಳ, ಮೂಲನುಡಿಯನ್ನು ಮರಳಿ ಕಟ್ಟಿದ್ದಾರೆ. ಆ ರಕಾರವನ್ನು ಟೊಂಗಾದಂತೆಯೇ ಕಳೆದುಕೊಂಡ ಇನ್ನೊಂದು ನುಡಿ ಪುಟ್ಟ ನಿಯುವೆ ದ್ವೀಪದ್ದು. ಹಾಗಾಗಿ ಇವೆರಡೂ ಸೇರಿ ಒಂದು ಕವಲು, ಉಳಿದ ಪಾಲಿನೇಷ್ಯನ್ ನುಡಿಗಳೆಲ್ಲ ಇನ್ನೊಂದು. ಬೇರು ಮಾತ್ರ ಬಹಳ ದೂರದ್ದು: ಕಣ್ಣಿಗೆ ಟೊಂಗಾದಲ್ಲಿಯೂ ‘ಮತ’, ಆಗ್ನೇಯ ಏಷ್ಯಾದ ಮಲಯ ಭಾಷೆಯಲ್ಲಿಯೂ ‘ಮತ’.

ಬರಹವಿಲ್ಲದ ಜನರ ಚರಿತ್ರೆ ಬಾಯಿಮಾತಿನಲ್ಲಿ ಇಷ್ಟು ಸ್ಪಷ್ಟವಾಗಿ ಉಳಿದಿರುವುದು ನನಗೆ ಇಂದಿಗೂ ಬೆರಗು. ನೆಲವೂ ಅದಕ್ಕೆ ಸಾಕ್ಷಿ ನುಡಿಯುತ್ತದೆ. ಟೊಂಗಟಾಪು ದ್ವೀಪದ ನುಕುಲೆಕದಲ್ಲಿ ಅಲ್ಲಿ ಮೊದಲು ನೆಲೆಸಿದ ಲಪಿಟ ಜನರ ಚಿತ್ತಾರದ ಮಡಕೆ ಚೂರುಗಳ ಜೊತೆಗೆ ಉಜ್ಜಿ ನಯಗೊಳಿಸಲು ಬಳಸುವ ಹವಳದ ಅರಗಳೂ ಸಿಕ್ಕಿವೆ. ಬೆಳೆಯುವಾಗ ಹವಳ ಸಮುದ್ರದ ನೀರಿನಿಂದ ಯುರೇನಿಯಂ ಹೀರಿಕೊಳ್ಳುತ್ತದೆ. ಅದು ಗೊತ್ತಾದ ವೇಗದಲ್ಲಿ ಕ್ಷಯಿಸುತ್ತ ಥೋರಿಯಂ ಉಂಟಾಗುತ್ತದೆ. ಎರಡರ ಪ್ರಮಾಣ ಅಳೆದಾಗ ಆ ವಸತಿ ಸುಮಾರು 2,800 ವರ್ಷ ಹಳೆಯದೆಂದು ತಿಳಿಯಿತು. 2016ರಲ್ಲಿ ಪ್ರಕಟವಾದ ಪ್ರಾಚೀನ ಡಿಎನ್‌ಎ ಅಧ್ಯಯನವೂ ಟೊಂಗಾ, ವನವಾಟುಗಳ ಆ ಮೊದಲಿಗರ ನಂಟನ್ನು ತೈವಾನ್ ಮತ್ತು ಫಿಲಿಪ್ಪೀನ್ಸ್ ಕಡೆಗೆ ತೋರಿಸಿತು. ನ್ಯೂಗಿನಿ ಕಡೆಯ ರಕ್ತ ಹೆಚ್ಚಾಗಿ ಬೆರೆತದ್ದು ಆನಂತರ.

ಟೊಂಗಾ ಭಾಷೆಯ ಇನ್ನೊಂದು ಸಂಪತ್ತು ಅದರ ಗೌರವಪದಗಳು. ಸಾಮಾನ್ಯರು ಹೋದರೆ ‘ಅಲು’, ಕುಲೀನರು ಹೋದರೆ ‘ಮೆಅ’, ದೊರೆ ಹೋದರೆ ‘ಹಾಎಲೆ’. ಒಂದೇ ಕ್ರಿಯೆಗೆ ಮೂರು ಬೇರೆ ಬೇರೆ ಧಾತುಗಳು! ಊಟಕ್ಕೂ ನಿದ್ರೆಗೂ ಹೀಗೆಯೇ. 1900ರಿಂದ 1970ರವರೆಗೆ ಬ್ರಿಟನ್ನಿನ ರಕ್ಷಣೆಯಲ್ಲಿದ್ದರೂ ಅಲ್ಲಿನ ಅರಸೊತ್ತಿಗೆ ಅಳಿಯಲಿಲ್ಲ. ಆದ್ದರಿಂದಲೇ ಈ ಪದಗಳು ನಿಘಂಟಿಗಷ್ಟೇ ಸೀಮಿತವಾಗದೆ ಇಂದಿಗೂ ಬಳಕೆಯಲ್ಲಿವೆ.

ಈಗ ದೇಶದೊಳಗೆ ಇರುವುದು ಸುಮಾರು ಒಂದು ಲಕ್ಷ ಜನ. ನ್ಯೂಜಿಲೆಂಡ್, ಆಸ್ಟ್ರೇಲಿಯಾ, ಅಮೆರಿಕಗಳಲ್ಲಿ ನೆಲೆಸಿದ ಟೊಂಗಾ ಮೂಲದವರು ಅದಕ್ಕಿಂತ ಹೆಚ್ಚು. ನ್ಯೂಜಿಲೆಂಡಿನಲ್ಲಿ ಪ್ರತಿ ವರ್ಷ ಟೊಂಗಾ ಭಾಷಾ ಸಪ್ತಾಹ ನಡೆಯುತ್ತದೆ. ಅಷ್ಟು ಸಾಲದು. ಆಕ್ಲೆಂಡಿನಲ್ಲಿ ಹುಟ್ಟಿದ ಮಗುವಿನ ಮನೆಮಾತಾಗಿ ಅದು ಮುಂದುವರಿಯಬೇಕು, ಶಾಲೆಯಲ್ಲಿ ವರ್ಷವಿಡೀ ಕಲಿಕೆಯ ಭಾಷೆಯೂ ಆಗಬೇಕು.