ಕಡಿಮೆ ರೇಟಿನವನಿಗೇ ಆರ್ಡರ್?

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಸಣ್ಣ ಶೆಡ್ಡುಗಳಲ್ಲಿ ಬಿಡಿಭಾಗದ ಡ್ರಾಯಿಂಗ್ ನೋಡಿ ರೇಟು ಹಾಕುವುದೇ ಒಂದು ವಿದ್ಯೆ. ಮೆಟೀರಿಯಲ್ ಇಷ್ಟು, ಮೆಷಿನ್ ಓಡುವ ಗಂಟೆಗೆ ಇಷ್ಟು, ರಿಜೆಕ್ಷನ್‌ಗೆ ಇಷ್ಟು. ಪಕ್ಕದ ಕ್ರಾಸಿನವರು ಎಷ್ಟು ಹಾಕಿರಬಹುದು ಅಂತ ಅಂದಾಜು ಮಾಡಿ ಕೊನೆಗೆ ಎರಡು ರೂಪಾಯಿ ಇಳಿಸುತ್ತಾರೆ. ಆದರೂ ಆರ್ಡರ್ ಕೊಡುವ ಕಂಪನಿಯ ಪರ್ಚೇಸ್‌ನವರ ಫೋನು ತಪ್ಪಲ್ಲ: 'ಇನ್ನೊಂದು ಐದು ಪರ್ಸೆಂಟ್ ನೋಡಿ ಸಾರ್.'

ಬೆಂಗಳೂರಿನಲ್ಲಿ ಈ ಜಾಬ್ ವರ್ಕ್, ಅಂದರೆ ಬೇರೆಯವರ ಡ್ರಾಯಿಂಗಿಗೆ ಭಾಗ ಮಾಡಿಕೊಡುವ ಕೆಲಸ, ಬೆಳೆದದ್ದು ದೊಡ್ಡ ಕಾರ್ಖಾನೆಗಳ ನೆರಳಲ್ಲಿ. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಟೆಲಿಫೋನ್ ಮಾಡುವ ಐಟಿಐ, 1953ರಲ್ಲಿ ಎಚ್‌ಎಂಟಿ, ಮರುವರ್ಷ ಬಿಇಎಲ್. ಇವೆಲ್ಲ ಸರ್ಕಾರಿ ಕಂಪನಿಗಳು; ಸರ್ಕಾರಿ ಖರೀದಿ ಅಂದರೆ ಟೆಂಡರ್. ಟೆಂಡರ್ ಅಂದರೆ ಎಲ್‌1, ಅಂದರೆ ಎಲ್ಲರಿಗಿಂತ ಕಡಿಮೆ ಹೇಳಿದವರು. ಲೆಕ್ಕ ಪರಿಶೋಧಕರ ಮುಂದೆ ತೋರಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ, ಅಲ್ವಾ?

ಎಲ್ಲವನ್ನೂ ಹೀಗೇ ಕೊಳ್ಳಬಾರದು ಅಂತ 1983ರಲ್ಲಿ ಪೀಟರ್ ಕ್ರಾಲಿಚ್ ಎಂಬ ಸಲಹೆಗಾರ ಬರೆದರು. ಅವರು ಕೇಳಿದ್ದು ಎರಡೇ ಪ್ರಶ್ನೆ. ಈ ವಸ್ತುವಿನಿಂದ ನಮ್ಮ ಲಾಭಕ್ಕೆ ಎಷ್ಟು ವ್ಯತ್ಯಾಸ? ಸಿಗದೇ ಹೋದರೆ ಎಷ್ಟು ಪೇಚು? ನಟ್ಟು ಬೋಲ್ಟಿಗೆ ಚೌಕಾಶಿ ಮಾಡಿ, ಪರವಾಗಿಲ್ಲ. ಒಬ್ಬರೇ ಮಾಡಿಕೊಡುವ ದುಬಾರಿ ಭಾಗವಾದರೆ ಅವರ ಜೊತೆ ವರ್ಷಗಟ್ಟಲೆ ಬಾಳ್ವೆ ಮಾಡಬೇಕು. ಇಷ್ಟಾದರೂ 1992ರಲ್ಲಿ ಜನರಲ್ ಮೋಟಾರ್ಸ್‌ನ ಖರೀದಿ ಮುಖ್ಯಸ್ಥ ಲೋಪೆಜ್ ಹಳೇ ಒಪ್ಪಂದಗಳನ್ನೇ ಪಕ್ಕಕ್ಕಿಟ್ಟು ಸಪ್ಲೈಯರ್‌ಗಳ ರೇಟು ಹಿಂಡಿದರು. ದುಡ್ಡು ಉಳಿಯಿತು, ನಂಬಿಕೆ ಹೋಯಿತು.

ನಂಬಿಕೆಗೆ ಎಷ್ಟು ಬೆಲೆ ಅಂತ ಗೊತ್ತಾದದ್ದು 1997ರ ಫೆಬ್ರವರಿ 1ರಂದು. ಜಪಾನಿನ ಕರಿಯಾದಲ್ಲಿ ಐಸಿನ್ ಕಾರ್ಖಾನೆಗೆ ಬೆಂಕಿ ಬಿತ್ತು. ಅಲ್ಲಿ ಮಾಡುತ್ತಿದ್ದದ್ದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಬ್ರೇಕ್ ವಾಲ್ವ್. ಟೊಯೊಟಾಗೆ ಹೆಚ್ಚುಕಮ್ಮಿ ಅವರೊಬ್ಬರೇ ಗತಿ, ಸ್ಟಾಕೂ ಜಾಸ್ತಿ ಇರಲಿಲ್ಲ. ಜಪಾನಿನ ಬಹುತೇಕ ಟೊಯೊಟಾ ಕಾರ್ಖಾನೆಗಳು ನಿಂತವು. ಆಗ ಸುಮಾರು 200 ಕಂಪನಿಗಳು ಡ್ರಾಯಿಂಗ್ ತರಿಸಿಕೊಂಡು ಕೆಲಸಕ್ಕಿಳಿದವು. ಹೊಲಿಗೆ ಯಂತ್ರ ಮಾಡುವ ಬ್ರದರ್ ಕಂಪನಿ ಕೂಡ ತನ್ನ ಮಿಲ್ಲಿಂಗ್ ಮೆಷಿನ್ ಹೊಂದಿಸಿಕೊಂಡು ವಾಲ್ವ್ ಕೊರೆಯಿತು. ರೇಟೆಷ್ಟು ಅಂತ ಮೊದಲು ಕೇಳಿದವರಿಲ್ಲ! ವಾರದೊಳಗೆ ಲೈನು ಮತ್ತೆ ಓಡತೊಡಗಿತು. ಖರ್ಚಿನ ಲೆಕ್ಕ ಆಮೇಲೆ ಚುಕ್ತಾ ಆಯಿತು. ಎಲ್‌1 ಆಟದಲ್ಲಿ ಬೆಳೆದ ಸಪ್ಲೈಯರ್ ಹೀಗೆ ಓಡಿ ಬರುತ್ತಿದ್ದರಾ? ನನಗಂತೂ ಅನುಮಾನ.

ಅದೇ ಟೊಯೊಟಾದ ಕಾರ್ಖಾನೆ 1999ರ ಕೊನೆಗೆ ನಮ್ಮ ಬಿಡದಿಯಲ್ಲಿ ಶುರುವಾಯಿತು. ಬಿಡಿಭಾಗದ ಕಂಪನಿಗಳೂ ಅದರ ಹಿಂದೆಯೇ ಬಂದು ಪಕ್ಕದಲ್ಲಿ ನೆಲೆಯೂರಿದವು.

2020ರ ಕೊರೊನಾದಲ್ಲಿ ಕಾರು ಕಂಪನಿಗಳು ಚಿಪ್ ಆರ್ಡರ್ ಕೈಬಿಟ್ಟವು. ಚಿಪ್ ಮಾಡುವವರು ಲ್ಯಾಪ್‌ಟಾಪ್, ಫೋನಿನವರ ಕಡೆ ತಿರುಗಿದರು. 2021ರಲ್ಲಿ ಕಾರಿನವರು ವಾಪಸ್ ಬಂದಾಗ ಕ್ಯೂನ ಕೊನೆಯಲ್ಲಿ ನಿಲ್ಲಬೇಕಾಯಿತು.

ಸಂಬಂಧ, ಪಾರ್ಟ್‌ನರ್ ಅನ್ನುವ ಮಾತು ಈಗ ಎಲ್ಲ ಪರ್ಚೇಸ್ ಆಫೀಸಿನಲ್ಲೂ ಇದೆ. ಪೀಣ್ಯದಲ್ಲಿ ಅದನ್ನು ಅಳೆಯುವುದು ಬಿಲ್ ಪಾಸಾಗುವ ದಿನಗಳಲ್ಲಿ. ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಲಿಖಿತ ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ. ಮೀರಿದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2023ರಲ್ಲಿ ಆದಾಯ ತೆರಿಗೆಗೂ ಒಂದು ಕೊಂಡಿ ಹಾಕಿದರು: ಗಡುವು ಮೀರಿದ ಬಾಕಿಯನ್ನು ಕೊಡುವವರೆಗೆ ಖರ್ಚು ಅಂತ ತೋರಿಸುವಂತಿಲ್ಲ. ಬಡ್ಡಿ ಕೇಳಲು ಮಾತ್ರ ಶೆಡ್ಡಿನವರಿಗೆ ಈಗಲೂ ಧೈರ್ಯ ಸಾಲದು. ಕೇಳಿದರೆ ಮುಂದಿನ ಪಿಒ (ಪರ್ಚೇಸ್ ಆರ್ಡರ್) ಪಕ್ಕದ ಕ್ರಾಸಿಗೆ ಹೋದೀತು.