ರೊಕ್ಕ ಇಲ್ಲದ ಹುಡುಗನನ್ನು ಹುಡುಗಿಯರು ನೋಡುವುದೇ ಇಲ್ಲವಾ?

ಪ್ರಶ್ನೆ: ಅಕ್ಕಾ, ನಾನು ಕಲಬುರಗಿಯಲ್ಲಿ ಬಿ.ಎ. ಎರಡನೇ ವರ್ಷ ಓದುತ್ತಿದ್ದೇನೆ. ಊರು ಜೇವರ್ಗಿ ತಾಲೂಕು, ಇರುವುದು ಹಾಸ್ಟೆಲ್‌ನಲ್ಲಿ. ಕ್ಲಾಸಿನ ಒಬ್ಬ ಹುಡುಗಿ ಇಷ್ಟವಾಗಿದ್ದಾಳೆ. ನನ್ನ ಹತ್ತಿರ ಬೈಕ್ ಇಲ್ಲ, ಒಳ್ಳೆ ಫೋನ್ ಇಲ್ಲ. ಬೈಕ್ ಇದ್ದವರಿಗೆ ಮಾತ್ರ ಲವ್ ಸೆಟ್ ಆಗುತ್ತದೆ ಅಂತ ಗೆಳೆಯರು ಹೇಳುತ್ತಾರೆ. ರೊಕ್ಕ ಇಲ್ಲದವರನ್ನು ಹುಡುಗಿಯರು ನೋಡುವುದೇ ಇಲ್ಲೇನು?

ಉತ್ತರ: ನೋಡುತ್ತಾರೆ ತಮ್ಮಾ. ಆದರೆ ಇಷ್ಟು ಹೇಳಿ ನಿಲ್ಲಿಸಿದರೆ ನಿನಗೆ ಮೋಸ ಮಾಡಿದಂತೆ. ಪ್ರೀತಿಗೂ ರೊಕ್ಕಕ್ಕೂ ಸಂಬಂಧವೇ ಇಲ್ಲ ಎನ್ನುವವರು ಬಸ್ ಚಾರ್ಜಿಗೆ ಚಿಲ್ಲರೆ ಎಣಿಸಿದವರಲ್ಲ. ಸಂಬಂಧ ಇದೆ. ನಿನ್ನ ಗೆಳೆಯರು ತೋರಿಸುವ ಜಾಗದಲ್ಲಿ ಅದು ಇಲ್ಲ, ಅಷ್ಟೇ.

ನಾನು ಎಂ.ಎ. ಅರ್ಥಶಾಸ್ತ್ರದ ಕೊನೆಯ ವರ್ಷದಲ್ಲಿದ್ದೇನೆ. ಚಿತ್ತಾಪುರ ತಾಲೂಕಿನ ಹಳ್ಳಿಯಿಂದ ಐದು ವರ್ಷವಾಯಿತು, ದಿನಾ ಬಸ್ಸಿನಲ್ಲೇ ಓಡಾಟ. ಇದೇ ಪ್ರಶ್ನೆಯನ್ನು ಜೂನಿಯರ್ ಹುಡುಗರು ಬೇರೆ ಬೇರೆ ಮಾತಿನಲ್ಲಿ ಕೇಳುತ್ತಲೇ ಇರುತ್ತಾರೆ. ಅದಕ್ಕೇ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಡಿಗ್ರಿ ಮೊದಲ ವರ್ಷ. ಕ್ಲಾಸಿನ ಒಬ್ಬಳ ಬರ್ತ್‌ಡೇ ಇತ್ತು. ಎಲ್ಲರೂ ಕೆಫೆಗೆ ಹೋಗುವುದು, ತಲೆಗೆ 300 ರೂಪಾಯಿ ಹಾಕುವುದು ಅಂತ ಆಯಿತು. ನನ್ನ ಪರ್ಸಿನಲ್ಲಿ 40 ರೂಪಾಯಿ ಇತ್ತು. ಬಸ್ ತಪ್ಪುತ್ತದೆ, ಅವ್ವ ಬೈಯುತ್ತಾಳೆ ಎಂದು ಹೇಳಿ ಹೊರಟುಬಿಟ್ಟೆ. ಬಸ್ ಸ್ಟ್ಯಾಂಡಿಗೆ ಬಂದರೆ ನಮ್ಮ ಕ್ಲಾಸಿನದೇ ಒಬ್ಬ ಹುಡುಗ ಅಲ್ಲಿ ನಿಂತಿದ್ದ. ಅವನು ಹೊಟ್ಟೆನೋವು ಅಂತ ಹೇಳಿ ಬಂದಿದ್ದನಂತೆ. ಇಬ್ಬರಿಗೂ ತಿಳಿಯಿತು, ಯಾರೂ ಬಾಯಿ ಬಿಡಲಿಲ್ಲ. ಅವನು ಹೋಗಿ 10 ರೂಪಾಯಿಯ ಹುರಿದ ಶೇಂಗಾ ತಂದ. ಪೊಟ್ಟಣ ಬಿಚ್ಚಿ ಬೆಂಚಿನ ಮೇಲೆ ನಮ್ಮಿಬ್ಬರ ನಡುವೆ ಹರಡಿದ. ಅಂಗೈಯಲ್ಲಿ ಉಜ್ಜಿ, ಸಿಪ್ಪೆ ಊದಿ, ಬೀಜಗಳನ್ನು ನನ್ನ ಕಡೆಗೆ ಸರಿಸುತ್ತಿದ್ದ. ಮಾತು ಬೇರೆಯೇ ನಡೆದಿತ್ತು. ಬೀಜ ಸರಿಸುತ್ತಿರುವುದು ಅವನಿಗೇ ಗೊತ್ತಿರಲಿಲ್ಲ ಅನಿಸುತ್ತದೆ. ನಾನು ನೋಡಿದ್ದೆ.

ಆಮೇಲೆ ಎರಡು ವರ್ಷ ಅವನು ನನಗೆ ಇಷ್ಟವಾಗಿದ್ದ. ಅವನು ಏನೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ನನ್ನ ಕಾರಣ ಬೇರೆ ಇತ್ತು, ಅದಕ್ಕೆ ಬರುತ್ತೇನೆ. ಡಿಗ್ರಿ ಮುಗಿಸಿ ಅವನು ಪುಣೆಗೆ ಕೆಲಸಕ್ಕೆ ಹೋದ. ಒಂದು ದಿನ ಫೋನಿನಲ್ಲಿ ಹೇಳಿದ: "ನಿನ್ನ ಎಲ್ಲಿಗರ ಕರಕೊಂಡು ಹೋಗಬೇಕಂದ್ರ ಕಿಸೆದಾಗ ರೊಕ್ಕ ಇರ್ತಿರಲಿಲ್ಲ. ಅದಕ್ಕ ಕೇಳಲೇ ಇಲ್ಲ."

ರೊಕ್ಕ ಇಲ್ಲ ಅಂತ ನಾನು ಅವನನ್ನು ಬೇಡ ಅಂದಿರಲಿಲ್ಲ. ಹೂಂ ಅನ್ನುವುದಕ್ಕೂ ಊಹೂಂ ಅನ್ನುವುದಕ್ಕೂ ನನಗೆ ಸರದಿಯೇ ಬರಲಿಲ್ಲ. ನಿನ್ನ ಪ್ರಶ್ನೆ ಓದಿದಾಗ ಮೊದಲು ನೆನಪಾಗಿದ್ದು ಇದು.

ಹುಡುಗಿಯರಿಗೆ ರೊಕ್ಕವೇ ಮುಖ್ಯ ಎನ್ನುವವರು ಒಂದು ದೊಡ್ಡ ಅಧ್ಯಯನದ ಕಡೆ ಬೆರಳು ತೋರಿಸುತ್ತಾರೆ. ಅಮೆರಿಕದ ಮನೋವಿಜ್ಞಾನಿ ಡೇವಿಡ್ ಬಸ್ ಅದನ್ನು 1989ರಲ್ಲಿ ಪ್ರಕಟಿಸಿದರು. 33 ದೇಶಗಳ 37 ಗುಂಪುಗಳಲ್ಲಿ 10,000ಕ್ಕೂ ಜಾಸ್ತಿ ಜನರನ್ನು ಸಂಗಾತಿ ಹೇಗಿರಬೇಕು ಎಂದು ಕೇಳಿದ್ದರು. ಭಾರತವೂ ಅದರಲ್ಲಿತ್ತು. ಸಂಗಾತಿಯ ಗಳಿಕೆಗೆ ಗಂಡಸರಿಗಿಂತ ಹೆಂಗಸರು ಹೆಚ್ಚು ಬೆಲೆ ಕೊಟ್ಟಿದ್ದು ನಿಜ, ಅದೂ ಹೆಚ್ಚುಕಡಿಮೆ ಎಲ್ಲ ಕಡೆ. ಆದರೆ ಅದೇ ಅಧ್ಯಯನದಲ್ಲಿ ಗಂಡಸರೂ ಹೆಂಗಸರೂ ಗಳಿಕೆಗಿಂತ ಮೇಲೆ ಇಟ್ಟಿದ್ದು ಒಳ್ಳೆಯ ಮನಸ್ಸು, ಬುದ್ಧಿ, ನಂಬಿಕೆಗೆ ಅರ್ಹವಾದ ನಡತೆ. ಈ ಅರ್ಧವನ್ನು ರೀಲ್ಸ್ ಮಾಡುವವರು ಯಾಕೋ ಹೇಳುವುದಿಲ್ಲ.

ಹತ್ತು ವರ್ಷದ ಮೇಲೆ, 1999ರಲ್ಲಿ, ಆಲಿಸ್ ಈಗ್ಲಿ ಮತ್ತು ವೆಂಡಿ ವುಡ್ ಅದೇ ಅಂಕಿಅಂಶಗಳನ್ನು ಮತ್ತೆ ತೆಗೆದು ನೋಡಿದರು. ಹೆಣ್ಣು ಗಂಡು ಹೆಚ್ಚು ಸಮಾನವಾಗಿರುವ ದೇಶಗಳಲ್ಲಿ ಈ ವ್ಯತ್ಯಾಸ ಕಡಿಮೆಯಾಗಿತ್ತು. ಅಂದರೆ, ತನ್ನ ಕೈಯಲ್ಲಿ ಗಳಿಕೆ ಇಲ್ಲದವಳು ಗಂಡನ ಗಳಿಕೆ ನೋಡುತ್ತಾಳೆ. ತನ್ನದೇ ಸಂಬಳ ಬಂದರೆ ಅಷ್ಟು ನೋಡುವುದಿಲ್ಲ. ನಮ್ಮ ಅವ್ವ ತೊಗರಿ ಹೊಲದಲ್ಲಿ ದಿನವಿಡೀ ಬಗ್ಗಿ ಕಸ ಕೀಳುತ್ತಾಳೆ. ಅವಳಿಗೆ ಸಿಗುವ ಕೂಲಿ ಅಪ್ಪನಿಗಿಂತ ಕಡಿಮೆ. ಇದನ್ನು ನೋಡಿ ಬೆಳೆದ ಹುಡುಗಿ ಮುಂದಿನ ಹೊಟ್ಟೆಪಾಡಿನ ಲೆಕ್ಕ ಹಾಕಿದರೆ ಅದಕ್ಕೆ ದುರಾಸೆ ಅನ್ನಬೇಡ. ನನಗೆ ಆ ಮಾತು ಕೇಳಿದರೆ ಸಿಟ್ಟು ಬರುತ್ತದೆ.

ಇನ್ನು ಬಾಯಲ್ಲಿ ಹೇಳುವುದು ಬೇರೆ, ಮನಸ್ಸು ಒಲಿಯುವುದು ಬೇರೆ. 2008ರಲ್ಲಿ ಪಾಲ್ ಈಸ್ಟ್‌ವಿಕ್ ಮತ್ತು ಎಲಿ ಫಿಂಕೆಲ್ ಅಮೆರಿಕದಲ್ಲಿ ಕಾಲೇಜು ಹುಡುಗ ಹುಡುಗಿಯರನ್ನು ಕೂಡಿಸಿ ಇದನ್ನೇ ಪರೀಕ್ಷೆ ಮಾಡಿದರು. ಎಂಥವರು ಬೇಕು ಎಂದು ಮೊದಲು ಬರೆಸಿಕೊಂಡರು. ರೂಪ ಬೇಕು, ಗಳಿಕೆ ಬೇಕು ಎಂದೆಲ್ಲ ಬರೆದರು. ಆಮೇಲೆ ಒಬ್ಬೊಬ್ಬರ ಜೊತೆ ಕೆಲವೇ ನಿಮಿಷ ಮಾತಾಡಿಸಿದರು. ಎದುರಿಗೆ ಕೂತಾಗ ಯಾರು ಯಾರಿಗೆ ಇಷ್ಟವಾದರು ಎನ್ನುವುದಕ್ಕೂ, ಮೊದಲು ಬರೆದುಕೊಟ್ಟಿದ್ದಕ್ಕೂ ತಾಳೆಯೇ ಆಗಲಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಯೋಗ 1992ರದ್ದು. ರಿಚರ್ಡ್ ಮೋರ್‌ಲ್ಯಾಂಡ್ ಮತ್ತು ಸ್ಕಾಟ್ ಬೀಚ್ ಎನ್ನುವವರು ನಾಲ್ವರು ಹುಡುಗಿಯರನ್ನು ಒಂದು ದೊಡ್ಡ ಕ್ಲಾಸಿಗೆ ವಿದ್ಯಾರ್ಥಿಗಳಂತೆ ಕಳಿಸಿದರು. ಒಬ್ಬಳು ಒಂದು ದಿನವೂ ಹೋಗಲಿಲ್ಲ. ಉಳಿದವರು 5 ಸಲ, 10 ಸಲ, 15 ಸಲ ಹೋದರು. ಯಾರ ಜೊತೆಯೂ ಮಾತಿಲ್ಲ, ಸುಮ್ನೆ ಕೂತು ಬರುವುದು. ಕೊನೆಗೆ ಕ್ಲಾಸಿನವರಿಗೆ ನಾಲ್ವರ ಫೋಟೋ ತೋರಿಸಿದರು. ಹೆಚ್ಚು ಸಲ ಬಂದವಳೇ ಹೆಚ್ಚು ಇಷ್ಟವಾಗಿದ್ದಳು. ಅಷ್ಟೇ. ಕಣ್ಣಿಗೆ ಬೀಳುತ್ತಾ ಇದ್ದರೆ ಮನಸ್ಸಿಗೂ ಹತ್ತಿರವಾಗುತ್ತಾರೆ.

ಈಗ ನೋಡು, ರೊಕ್ಕ ಎಲ್ಲಿ ಬಂದು ಕೂರುತ್ತದೆ ಅಂತ. ಕ್ಲಾಸ್ ಮುಗಿದ ಮೇಲೆ ಕ್ಯಾಂಟೀನಿನಲ್ಲಿ ಒಂದು ಗಂಟೆ ಕೂರುವವರು ಯಾರು? ಬಸ್ ಹಿಡಿಯುವ ಗಡಿಬಿಡಿ ಇಲ್ಲದವರು. ಟೂರಿಗೆ ಹೆಸರು ಕೊಡುವವರು ಯಾರು? ಅವತ್ತೇ 2,000 ತೆಗೆದು ಕೊಡಬಲ್ಲವರು. ಭಾನುವಾರ ಕಲಬುರಗಿಯ ಅಪ್ಪನ ಕೆರೆ ದಂಡೆಗೆ ಸುತ್ತಾಡಲು ಹೋಗುವವರು ಯಾರು? ಊರಿಗೆ ಹೋಗಿ ಹೊಲದಲ್ಲಿ ಕೈ ಹಾಕಬೇಕಿಲ್ಲದವರು. ಬೈಕ್ ಇದ್ದವನಿಗೆ ಸಿಗುವುದು ಸಮಯ. ಅವನು ಎಲ್ಲ ಕಡೆ ಇರುತ್ತಾನೆ, ಎಲ್ಲರ ಕಣ್ಣಿಗೂ ಬೀಳುತ್ತಾನೆ. ನಿನ್ನ ಗೆಳೆಯರು ಬೈಕನ್ನು ನೋಡಿದರು, ಅದು ತಂದುಕೊಟ್ಟ ಆ ಒಂದು ಗಂಟೆಯನ್ನು ನೋಡಲಿಲ್ಲ.

ರೊಕ್ಕ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಅದು ತಲೆಯೊಳಗಿನದು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತಮಿಳುನಾಡಿನ 464 ಕಬ್ಬು ಬೆಳೆಗಾರರಿಗೆ ಬುದ್ಧಿಗೆ ಕೆಲಸ ಕೊಡುವ ಕೆಲವು ಪರೀಕ್ಷೆ ಕೊಟ್ಟರು. ಕಟಾವಿಗೆ ಮೊದಲು, ಕೈ ಬರಿದಾಗಿದ್ದಾಗ ಒಮ್ಮೆ. ಕಟಾವಾಗಿ ರೊಕ್ಕ ಬಂದ ಮೇಲೆ ಒಮ್ಮೆ. ಅದೇ ರೈತ ರೊಕ್ಕ ಬಂದ ಮೇಲೆ ಚೆನ್ನಾಗಿ ಮಾಡಿದ. ಬುದ್ಧಿ ಹೆಚ್ಚಾಗಿರಲಿಲ್ಲ, ಚಿಂತೆ ಇಳಿದಿತ್ತು. ತೊಗರಿ ರಾಶಿ ಮಾಡುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜನವರಿಯಲ್ಲಿ ಮಾಲು ಮಾರಿ ಬಂದ ದಿನ ಅಪ್ಪನ ಮುಖ ಹೇಗಿರುತ್ತದೆ, ಪಂಚಮಿ ಹೊತ್ತಿಗೆ ಹೇಗಿರುತ್ತದೆ, ನಿನಗೇ ಗೊತ್ತಲ್ವಾ. ನೆಟೆ ರೋಗ ಬಿದ್ದು ಹೊಲ ಒಣಗಿದ ವರ್ಷ ನಮ್ಮ ಮನೆಯಲ್ಲಿ ಮೂರು ತಿಂಗಳು ಯಾರೂ ನಕ್ಕಿದ್ದು ನೆನಪಿಲ್ಲ. ಎಕ್ಸಾಂ ಫೀಸಿನ ಚಿಂತೆಯಲ್ಲಿರುವ ಹುಡುಗ ಹುಡುಗಿಯ ಮುಂದೆ ಮಂಕಾಗಿ ಕಾಣುತ್ತಾನೆ. ಅವನು ಬಡವ ಅಂತ ಅವಳಿಗೆ ಅನಿಸುವುದಿಲ್ಲ. ತನ್ನ ಜೊತೆ ಮಾತಾಡಲು ಇವನಿಗೆ ಮನಸ್ಸಿಲ್ಲ ಅನಿಸುತ್ತದೆ.

ಈಗ ನನ್ನ ಕಾರಣ. ಹುಡುಗರಿಗೆ ಇದು ಅಷ್ಟಾಗಿ ಕಾಣುವುದಿಲ್ಲ, ಅದಕ್ಕೇ ಬಿಡಿಸಿ ಹೇಳುತ್ತೇನೆ. ನೀನು ಒಬ್ಬಳ ಜೊತೆ ಕೆರೆ ದಂಡೆಯಲ್ಲಿ ಕಂಡರೆ ಊರಿನಲ್ಲಿ ನಿನ್ನನ್ನು ಬೈಯಬಹುದು. ಅವಳು ಕಂಡರೆ ಕಾಲೇಜೇ ಬಿಡಿಸುತ್ತಾರೆ. ನಮ್ಮ ಬಸ್ಸಿನಲ್ಲಿ ದಿನಾ ಜೊತೆಗೆ ಬರುತ್ತಿದ್ದ ಒಬ್ಬಳು ಹೀಗೇ ನಿಂತುಹೋದಳು. ಯಾರೋ ಫೋಟೋ ತೆಗೆದು ಅವಳ ಅಣ್ಣನಿಗೆ ಕಳಿಸಿದ್ದರು. ಎರಡು ತಿಂಗಳಲ್ಲಿ ಮದುವೆ. ಅವಳ ಸೀಟಿನಲ್ಲಿ ಈಗ ಬೇರೆ ಯಾರೋ ಕೂರುತ್ತಾರೆ. ನಾನು ಬಾಯಿ ಮುಚ್ಚಿಕೊಂಡಿದ್ದು ಇದಕ್ಕೆ. ಅವನ ಹತ್ತಿರ ಎಷ್ಟಿದೆ ಎಂಬ ಲೆಕ್ಕ ನನ್ನ ತಲೆಯಲ್ಲಿ ಇರಲಿಲ್ಲ. ಸಿಕ್ಕಿಬಿದ್ದರೆ ನನ್ನ ಓದು ಉಳಿಯುತ್ತದಾ ಎಂಬ ಲೆಕ್ಕ ಇತ್ತು. ಮನೆಯಲ್ಲಿ ಅನುಕೂಲ ಇರುವ ಹುಡುಗಿಗೆ ಓದು ನಿಂತರೆ ಇನ್ನೊಂದು ದಾರಿ ಇರುತ್ತದೆ. ನಮಗೆ ಇರುವುದು ಇದೊಂದೇ ಬಸ್.

ಬಸ್ ಅಂದಾಗ ಇನ್ನೊಂದು ನೆನಪಾಯಿತು. ಮೊದಲು ಪಾಸ್ ಮಾಡಿಸಲು ಅಪ್ಪನ ಮುಂದೆ ಕೈ ಚಾಚಬೇಕಿತ್ತು. ಪಾಸ್ ಇದ್ದರೂ ಊರಿಂದ ಕಾಲೇಜಿಗೆ, ಕಾಲೇಜಿಂದ ಊರಿಗೆ, ಬೇರೆ ರೂಟಿಗೆ ನಡೆಯುತ್ತಿರಲಿಲ್ಲ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ಹೆಣ್ಣುಮಕ್ಕಳು ಆಧಾರ್ ತೋರಿಸಿ, ರೊಕ್ಕ ಕೊಡದೆ ಯಾವ ಸಾಮಾನ್ಯ ಬಸ್ಸನ್ನಾದರೂ ಹತ್ತಬಹುದು. ಮೊದಲ ಸಲ ಯಾರನ್ನೂ ರೊಕ್ಕ ಕೇಳದೆ ಭಾನುವಾರ ಲೈಬ್ರರಿಗೆ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಈಗ್ಲಿ, ವುಡ್ ಹೇಳಿದ್ದು ಓದಿದಾಗ ನನಗೆ ತಿಳಿದಿದ್ದು ಆ ಭಾನುವಾರದಿಂದ. ಹೆಣ್ಣಿನ ಕೈಗೆ ಸ್ವಲ್ಪ ಸಿಕ್ಕರೂ ಅವಳು ನೋಡುವ ರೀತಿ ಬದಲಾಗುತ್ತದೆ.

ಮದುವೆಯ ವಿಷಯ ಬೇರೆ. ಅಲ್ಲಿ ರೊಕ್ಕ ಬಾಗಿಲಲ್ಲೇ ಕೂತಿರುತ್ತದೆ. ಎಷ್ಟು ಎಕರೆ, ನೌಕರಿ ಏನು, ಸರ್ಕಾರಿನಾ ಪ್ರೈವೇಟಾ. ಅದಕ್ಕಿಂತ ಮೊದಲು ಜಾತಿ. 2011-12ರ ರಾಷ್ಟ್ರಮಟ್ಟದ ಸಮೀಕ್ಷೆಯೊಂದರಲ್ಲಿ ಜಾತಿ ಬಿಟ್ಟು ಆದ ಮದುವೆ ನೂರಕ್ಕೆ ಐದರ ಆಸುಪಾಸು ಮಾತ್ರ. 2023ರ ಫೆಬ್ರುವರಿಯಲ್ಲಿ ಮಂಡ್ಯ ಕಡೆಯ ರೈತ ಹುಡುಗರು ಹೆಣ್ಣು ಸಿಗಲಿ ಎಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಮಾಡಿದ್ದು ನೀನೂ ಓದಿರಬಹುದು. ಆ ನೋವು ಸುಳ್ಳಲ್ಲ. ಆದರೆ 19 ವರ್ಷಕ್ಕೆ ಅದನ್ನೆಲ್ಲ ತಲೆ ಮೇಲೆ ಹೊತ್ತು ಒಬ್ಬಳ ಜೊತೆ ಮಾತಾಡಲು ಹೋದರೆ ಮಾತೇ ಹೊರಡುವುದಿಲ್ಲ.

ರಾಜ್ಯದ ಆರ್ಥಿಕ ಸಮೀಕ್ಷೆ ತೆಗೆದು ನೋಡು. ತಲಾ ಆದಾಯದ ಪಟ್ಟಿಯ ತಳದಲ್ಲಿ ಕಲಬುರಗಿ, ಯಾದಗಿರಿ ವರ್ಷವರ್ಷ ಕಾಣುತ್ತವೆ. ತುದಿಯಲ್ಲಿರುವ ಬೆಂಗಳೂರು ನಗರದ್ದು ನಮ್ಮದರ ಹಲವು ಪಟ್ಟು. ನೀನು ರೀಲ್ಸ್‌ನಲ್ಲಿ ನೋಡುವ ಡೇಟಿಂಗ್ ಆ ತುದಿಯದ್ದು. ಅದರ ಅಳತೆಗೋಲು ಇಟ್ಟುಕೊಂಡು ನಿನ್ನನ್ನು ನೀನು ಅಳೆದರೆ ಗಿಡ್ಡವಾಗಿಯೇ ಕಾಣುತ್ತೀಯ. ನಮ್ಮ ಕ್ಲಾಸಿನ ಒಬ್ಬ ಹಾಗೆ ಅಳೆದುಕೊಂಡು ಸ್ಕಾಲರ್‌ಶಿಪ್ ರೊಕ್ಕವನ್ನು ಫೋನಿನ ಡೌನ್ ಪೇಮೆಂಟಿಗೆ ಕಟ್ಟಿದ. ನಾಲ್ಕನೇ ಕಂತು ತಪ್ಪಿದಾಗ ಫೋನ್ ಲಾಕ್ ಆಯಿತು. ಎಕ್ಸಾಂ ಫೀಸಿಗೆ ಅವರಿವರ ಹತ್ತಿರ ಕೈಗಡ ಕೇಳಿದ. ಯಾರಿಗಾಗಿ ಫೋನ್ ತಂದಿದ್ದನೋ ಅವಳ ಮುಂದೆ ತಲೆ ಎತ್ತಲು ಆಗದೆ ಹಿಂದಿನ ಬೆಂಚಿಗೆ ಹೋದ. ನೀನು ಸ್ಕಾಲರ್‌ಶಿಪ್ ರೊಕ್ಕ ಮುಟ್ಟಬೇಡ. ಗೆಳೆಯನ ಬೈಕ್ ಎರವಲು ತಂದು ನಿನ್ನದೆಂದು ಹೇಳಬೇಡ.

ಹಾಗಾದರೆ ಏನು ಮಾಡಲಿ ಎಂದು ಕೇಳುತ್ತೀಯ. ಮೊದಲು 'ಸೆಟ್' ಎಂಬ ಮಾತು ಬಿಡು. ಅವಳು ಸೆಟ್ ಆಗುವ ಸಾಮಾನಲ್ಲ. ಅವಳಿಗೆ ಇಷ್ಟ ಇರಬಹುದು, ಇಲ್ಲದೆಯೂ ಇರಬಹುದು. ಕ್ಲಾಸ್ ತಪ್ಪಿಸಬೇಡ, ಲೈಬ್ರರಿಯಲ್ಲಿ ಕೂರು, ನೋಟ್ಸ್ ಬೇಕಾದರೆ ಕೇಳು, ನಿನ್ನದು ಕೊಡು. ಸಮಯ ಕೊಂಡುಕೊಳ್ಳಲು ಆಗದವರಿಗೆ ದಿನಾ ಬರುವುದೇ ದಾರಿ. ಕೈಯಲ್ಲಿ ರೊಕ್ಕ ಇಲ್ಲದಿದ್ದರೆ ಹೊಟ್ಟೆನೋವಿನ ನೆಪ ಹೇಳಬೇಡ, ಈ ತಿಂಗಳು ಕಷ್ಟ ಎಂದು ಸರಳವಾಗಿ ಹೇಳು. ನಮ್ಮಲ್ಲಿ ಅರ್ಧ ಕ್ಲಾಸಿಗೆ ಅದು ಅರ್ಥವಾಗುತ್ತದೆ. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಊರಿಂದ ತಂದರೆ ಎಲ್ಲರ ಜೊತೆ ಹಂಚಿಕೊಂಡು ತಿನ್ನು, ಅವಳೊಬ್ಬಳಿಗೇ ಕೊಟ್ಟು ಅವಳನ್ನು ಮಾತಿಗೆ ಗುರಿ ಮಾಡಬೇಡ.

ಕೇಳಬೇಕು ಅನಿಸಿದ ದಿನ ನೇರವಾಗಿ, ಮೆತ್ತಗೆ, ಒಬ್ಬಳೇ ಇದ್ದಾಗ ಕೇಳು. ಗೆಳೆಯರ ದಂಡು ದೂರದಲ್ಲಿ ನಿಂತು ನೋಡುವುದು ಬೇಡ, ಅವಳಿಗೆ ಅದಕ್ಕಿಂತ ಹೆದರಿಕೆಯ ಸಂಗತಿ ಇಲ್ಲ. ಬೇಡ ಅಂದರೆ ಸರಿ ಅನ್ನು, ಮರುದಿನವೂ ಮೊದಲಿನಂತೆ ನಮಸ್ಕಾರ ಹೇಳು. ಯಾಕೆ ಎಂದು ಕೆದಕಬೇಡ. ಬೈಕ್ ಇಲ್ಲದ್ದಕ್ಕೆ ಅಂತ ನೀನೇ ಕಾರಣ ಕಟ್ಟಿಕೊಳ್ಳಲೂ ಬೇಡ.

ಇನ್ನೊಂದು ಮಾತು, ಇದನ್ನು ಯಾರೂ ಹೇಳಿಕೊಡುವುದಿಲ್ಲ. ಅವಳ ಊರಿನ ಬಸ್ ಎಷ್ಟು ಹೊತ್ತಿಗೆ ಎಂದು ಮೊದಲು ತಿಳಿದುಕೋ. ಅದು ಬಿಡುವ ಹತ್ತು ನಿಮಿಷ ಮುಂಚೆ ಈ ವಿಷಯ ತೆಗೆಯಬೇಡ. ಕೊನೆ ಬಸ್ ಹಿಡಿಯುವ ಹುಡುಗಿಯ ಕಿವಿಗೆ ಆ ಹೊತ್ತಿನಲ್ಲಿ ಕಂಡಕ್ಟರ್ ಶಿಳ್ಳೆ ಬಿಟ್ಟು ಬೇರೇನೂ ಕೇಳುವುದಿಲ್ಲ.