ನೋವಿಲ್ಲ ಅಂತ ಕಾಯುವವರನ್ನು ಕಂಡರೆ ನನಗೆ ಭಯ

ಕಿಡ್ನಿ ಸ್ಟೋನ್ ನೋವು ಬರೋದು ಹೆಚ್ಚಾಗಿ ರಾತ್ರಿ ಅಥವಾ ನಸುಕಿನಲ್ಲಿ. ಕೂತರೂ ಆಗಲ್ಲ, ಮಲಗಿದರೂ ಆಗಲ್ಲ. ರೋಗಿ ಸೊಂಟ ಹಿಡಿದುಕೊಂಡು ಎಮರ್ಜೆನ್ಸಿಯ ಬಾಗಿಲಲ್ಲೇ ಅತ್ತಿಂದಿತ್ತ ಓಡಾಡುತ್ತಿರುತ್ತಾರೆ. ವಾಂತಿ ಬೇರೆ. ಸ್ಕ್ಯಾನ್ ಮಾಡಿದರೆ 4 ಮಿಲಿಮೀಟರ್ ಕಲ್ಲು. ನೋವಿನ ಇಂಜೆಕ್ಷನ್ ಕೊಟ್ಟರೆ ಸಾಕು, ಹೆಚ್ಚಿನವರು ಬೆಳಗ್ಗೆ ಕಾಫಿ ಕುಡಿದು ಮನೆಗೆ ಹೋಗುತ್ತಾರೆ.

ಮಧ್ಯಾಹ್ನ ಓಪಿಡಿಗೆ ಇನ್ನೊಬ್ಬರು ಆರಾಮಾಗಿ ಬಂದು ಕೂರುತ್ತಾರೆ. ವಯಸ್ಸು ಅರುವತ್ತರ ಆಸುಪಾಸು, ಜೇಬಿನಲ್ಲಿ ಬೀಡಿ ಕಟ್ಟು. "ಏನಿಲ್ಲ ಡಾಕ್ಟ್ರೇ, ಮೂರು ತಿಂಗಳ ಹಿಂದೆ ಎರಡು ದಿನ ಮೂತ್ರ ಕೆಂಪಗೆ ಹೋಯ್ತು. ಉಷ್ಣ ಇರಬೇಕು ಅಂತ ಎಳನೀರು ಕುಡಿದೆ, ನಿಂತೋಯ್ತು. ನೋವು ಗೀವು ಏನೂ ಇಲ್ಲ. ಮಗಳು ತೋರಿಸಲೇಬೇಕು ಅಂದ್ಳು, ಅದಕ್ಕೆ ಬಂದೆ." ನನಗೆ ಜಾಸ್ತಿ ಚಿಂತೆ ಇವರದ್ದೇ.

ಮೂತ್ರದ ದಾರಿಯ ಕಾಯಿಲೆಗಳಲ್ಲಿ ನೋವನ್ನು ನಂಬಿಕೊಂಡು ಕೂರೋ ಹಾಗಿಲ್ಲ. ಎಷ್ಟೋ ದೊಡ್ಡ ಕಾಯಿಲೆಗಳು ಸುಮ್ನೆ ಬರುತ್ತವೆ.

ನೋವಿಲ್ಲದೆ ಮೂತ್ರದಲ್ಲಿ ರಕ್ತ ಹೋಯಿತು ಅಂದರೆ ನಾವು ಮೊದಲು ಯೋಚಿಸೋದು ಮೂತ್ರಚೀಲದ ಕ್ಯಾನ್ಸರ್ ಬಗ್ಗೆ. ಎಲ್ಲರಿಗೂ ಅದೇ ಇರುತ್ತದೆ ಅಂತಲ್ಲ. ಸೋಂಕಿರಬಹುದು, ಕಲ್ಲಿರಬಹುದು, ದೊಡ್ಡದಾದ ಪ್ರಾಸ್ಟೇಟ್‌ನಿಂದಲೂ ರಕ್ತ ಬರಬಹುದು. ಆದರೆ ಮೂತ್ರಚೀಲದ ಕ್ಯಾನ್ಸರ್ ಗಡ್ಡೆಗೊಂದು ಕೆಟ್ಟ ಬುದ್ಧಿ ಇದೆ: ಒಂದೆರಡು ದಿನ ರಕ್ತ ಹೋಗಿ, ಆಮೇಲೆ ವಾರಗಟ್ಟಲೆ, ತಿಂಗಳುಗಟ್ಟಲೆ ಏನೂ ಇಲ್ಲ. ರಕ್ತ ತನ್ನಷ್ಟಕ್ಕೆ ನಿಂತಿರುತ್ತದೆ, ಹೆಸರು ಎಳನೀರಿಗೆ. ಬೀಡಿ ಸಿಗರೇಟಿನ ವಿಷ ಶ್ವಾಸಕೋಶದಲ್ಲೇ ಉಳಿಯೋದಿಲ್ಲ. ರಕ್ತಕ್ಕೆ ಸೇರಿ, ಕಿಡ್ನಿಯಲ್ಲಿ ಸೋಸಿ, ಮೂತ್ರದ ಜೊತೆ ಗಂಟೆಗಟ್ಟಲೆ ಮೂತ್ರಚೀಲದಲ್ಲಿ ನಿಂತಿರುತ್ತದೆ. ಈ ಕ್ಯಾನ್ಸರಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ಅದೇ. ಅಲ್ಟ್ರಾಸೌಂಡ್ ನಾರ್ಮಲ್ ಬಂದರೂ ಮಧ್ಯವಯಸ್ಸು ದಾಟಿದವರಿಗೆ ಸಿಸ್ಟೋಸ್ಕೋಪಿ ಮಾಡಿಸಿ ಅನ್ನುತ್ತೇವೆ. ಸಣ್ಣ ಕ್ಯಾಮೆರಾ ಹಾಕಿ ಒಳಗೆ ನೋಡೋದು, ಕೆಲವೇ ನಿಮಿಷದ ಕೆಲಸ. ಹಾರ್ಟಿಗೆ ಅಂತ ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು "ಅದರಿಂದಾನೇ ಬಂದಿರಬೇಕು" ಅಂತ ಸಮಾಧಾನ ಮಾಡಿಕೊಳ್ಳುತ್ತಾರೆ. ಅವರಿಗೂ ಇದೇ ಪರೀಕ್ಷೆ ಬೇಕು.

ಕಲ್ಲಿನ ವಿಷಯಕ್ಕೆ ಬರೋಣ. ಕಿಡ್ನಿಯೊಳಗೆ ಕೂತ ಕಲ್ಲು ಎಷ್ಟೋ ಸಲ ನೋಯೋದೇ ಇಲ್ಲ. ಅದು ಜಾರಿ ಕೆಳಗಿನ ನಳಿಕೆಗೆ ಬಿದ್ದು ಮೂತ್ರ ಕಟ್ಟಿದಾಗ ಕಿಡ್ನಿ ಉಬ್ಬುತ್ತದೆ. ಪ್ರಾಣ ಹಿಂಡುವ ನೋವು ಬರೋದು ಆ ಉಬ್ಬರದಿಂದ. 5 ಮಿಲಿಮೀಟರ್ ಒಳಗಿನ ಕಲ್ಲುಗಳು ಹೆಚ್ಚಾಗಿ ತಾವೇ ಬಿದ್ದುಹೋಗುತ್ತವೆ. ಬಾಳೆದಿಂಡಿನ ಪಲ್ಯ ತಿನ್ನಿ, ಬೇಡ ಅನ್ನಲ್ಲ. ಆದರೆ ಈಗಾಗಲೇ ಕೂತಿರುವ ಕ್ಯಾಲ್ಸಿಯಂ ಕಲ್ಲನ್ನು ಅದು ಕರಗಿಸಲ್ಲ, ಬಿಯರೂ ಕರಗಿಸಲ್ಲ. ಕ್ಯಾಲ್ಸಿಯಂ ಅಂತ ಹೆದರಿ ಹಾಲು ಮೊಸರು ಬಿಡೋದೂ ತಪ್ಪು. ಉಪ್ಪಿನಕಾಯಿ, ಹಪ್ಪಳ ಕಮ್ಮಿ ಮಾಡಿ. ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಿರಿ. ರಾಯಚೂರು, ಕಲಬುರಗಿ ಕಡೆಯ ಬಿಸಿಲಲ್ಲಿ ಬೆವರೇ ಅಷ್ಟು ಹೋಗುತ್ತದೆ, ಅಲ್ಲಿ ಮೂರು ಲೀಟರ್ ಕುಡಿದರೂ ಸಾಲದು.

ಕಲ್ಲಿನಲ್ಲೂ ನೋವು ಮೋಸ ಮಾಡುತ್ತದೆ. ನೋವು ನಿಂತರೆ ಕಲ್ಲು ಬಿತ್ತು ಅಂದುಕೊಳ್ಳುತ್ತಾರೆ. ಕೆಲವು ಸಲ ಅದು ಅಲ್ಲೇ ಸಿಕ್ಕಿಕೊಂಡಿರುತ್ತದೆ, ಕಿಡ್ನಿ ಆ ಒತ್ತಡಕ್ಕೆ ಒಗ್ಗಿಕೊಂಡು ಸದ್ದಿಲ್ಲದೆ ಹಾಳಾಗುತ್ತಿರುತ್ತದೆ. ಹಾಗಾಗಿ ಕಲ್ಲು ಬಿದ್ದದ್ದನ್ನು ಕಣ್ಣಾರೆ ನೋಡಿಲ್ಲದಿದ್ದರೆ ಕೆಲವು ವಾರ ಬಿಟ್ಟು ಇನ್ನೊಂದು ಸ್ಕ್ಯಾನ್ ಮಾಡಿಸಲೇಬೇಕು. ಕಲ್ಲಿನ ಜೊತೆ ಚಳಿ ಜ್ವರ ಬಂದರೆ ಬೆಳಗಾಗುವವರೆಗೂ ಕಾಯಬೇಡಿ.

ಇನ್ನು ಪ್ರಾಸ್ಟೇಟ್. ಮೂತ್ರಚೀಲದ ಕೆಳಗೆ, ಮೂತ್ರನಾಳದ ಸುತ್ತ ಮಫ್ಲರ್ ಸುತ್ತಿದ ಹಾಗಿರುವ, ಗಂಡಸರಿಗೆ ಮಾತ್ರ ಇರುವ ಗ್ರಂಥಿ. ಹರೆಯದಲ್ಲಿ ಸುಮಾರು 20 ಗ್ರಾಂ ಇರುತ್ತದೆ. ಐವತ್ತು ದಾಟಿದ ಮೇಲೆ ಬೆಳೆಯುತ್ತಾ ಹೋಗುತ್ತದೆ. ರಾತ್ರಿ ಮೂರು ನಾಲ್ಕು ಸಲ ಏಳೋದು, ತಿಣುಕಿ ಹೋಗೋದು, ಧಾರೆ ಸಣ್ಣ ಆಗೋದು, ಇವನ್ನೆಲ್ಲ "ವಯಸ್ಸಾಯ್ತಲ್ಲ" ಅಂತ ತಳ್ಳಿಹಾಕುತ್ತಾರೆ. ಮೂತ್ರ ಪೂರ್ತಿ ಖಾಲಿ ಆಗದೆ ಚೀಲ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಹಿಗ್ಗುತ್ತಾ ಹೋದರೆ ನೋವೇ ಗೊತ್ತಾಗಲ್ಲ. ಅಜ್ಜನ ಪಂಚೆ ರಾತ್ರಿ ಒದ್ದೆ ಆಗಲು ಶುರುವಾಗುತ್ತದೆ. ಮನೆಯವರು ಡೈಪರ್ ತರುತ್ತಾರೆ. ಹೊಟ್ಟೆ ಮುಟ್ಟಿ ನೋಡಿದರೆ ಹೊಕ್ಕುಳದವರೆಗೂ ಚೀಲ ತುಂಬಿರುತ್ತದೆ, ಒದ್ದೆ ಆಗುತ್ತಿರೋದು ಅದು ತುಂಬಿ ಸೋರಿದ್ದರಿಂದ. ಪೈಪ್ ಹಾಕಿದರೆ ಒಂದು ಲೀಟರ್ ದಾಟುವುದೂ ಉಂಟು, ಅಷ್ಟರಲ್ಲಿ ರಕ್ತದಲ್ಲಿ ಕ್ರಿಯಾಟಿನಿನ್ ಏರಿರುತ್ತದೆ, ಅಂದರೆ ಕಿಡ್ನಿಗೆ ಪೆಟ್ಟು ಬಿದ್ದಿರುತ್ತದೆ. ಹಾಸಿಗೆ ಒದ್ದೆ ಆಗುವ ಹಿರಿಯರು ಮನೆಯಲ್ಲಿದ್ದರೆ ಡೈಪರಿಗಿಂತ ಮೊದಲು ಒಂದು ಸ್ಕ್ಯಾನ್ ಮಾಡಿಸಿ, ಮೂತ್ರ ಮಾಡಿದ ಮೇಲೆ ಎಷ್ಟು ಉಳಿದಿದೆ ಅಂತ ಕೇಳಿ. ಇನ್ನೊಂದು ಮಾತು: ಪ್ರಾಸ್ಟೇಟ್ ದೊಡ್ಡದಾಗಿರುವವರು ಮೆಡಿಕಲ್ ಶಾಪಿನಿಂದ ನೆಗಡಿ ಮಾತ್ರೆ ತಂದು ನುಂಗಬೇಡಿ. ಕೆಲವು ಮಾತ್ರೆಗಳಿಂದ ಮೂತ್ರ ಪೂರ್ತಿ ಕಟ್ಟಿಬಿಡುತ್ತದೆ. ಆಗ ನೋವಿಗೇನೂ ಕೊರತೆ ಇರಲ್ಲ.

ಪ್ರಾಸ್ಟೇಟ್ ತೊಂದರೆಗೆ ಹೆಚ್ಚಿನವರಿಗೆ ಮಾತ್ರೆ ಸಾಕಾಗುತ್ತದೆ. ಮೂತ್ರದ ದಾರಿ ಸಡಿಲಿಸುವ ಟ್ಯಾಮ್ಸುಲೋಸಿನ್ ಮಾತ್ರೆ ಶುರು ಮಾಡಿದ ಹೊಸದರಲ್ಲಿ ಎದ್ದ ತಕ್ಷಣ ತಲೆ ಸುತ್ತಬಹುದು, ಅದಕ್ಕೇ ರಾತ್ರಿ ತಗೊಳ್ಳಿ ಅನ್ನೋದು. ಆಪರೇಷನ್ ಅಂದ ಕೂಡಲೇ ಬಾಗಿಲು ಹಾಕಿಕೊಂಡು ಮೆಲ್ಲಗೆ ಕೇಳುವ ಪ್ರಶ್ನೆ ಒಂದೇ. ಅದಕ್ಕೂ ಉತ್ತರ ಹೇಳಿಬಿಡುತ್ತೇನೆ: ಗಂಡಸ್ತನ ಹೋಗೋದು ಅಪರೂಪ, ಆದರೆ ಎಷ್ಟೋ ಜನರಿಗೆ ವೀರ್ಯ ಹೊರಗೆ ಬರದೆ ಮೂತ್ರಚೀಲಕ್ಕೆ ಹೋಗುತ್ತದೆ. ಅದರಿಂದ ಅಪಾಯ ಇಲ್ಲ, ಮಕ್ಕಳು ಬೇಕು ಅನ್ನುವವರು ಮಾತ್ರ ಮೊದಲೇ ಹೇಳಬೇಕು.

ಬೀಜದಲ್ಲಿ ನೋವಿಲ್ಲದ ಗಟ್ಟಿ ಗಂಟು ಸಿಕ್ಕಿದರೆ, ಅದರಲ್ಲೂ ಹದಿನೈದರಿಂದ ನಲವತ್ತರೊಳಗಿನವರಿಗೆ, ಅದೇ ವಾರ ಅಲ್ಟ್ರಾಸೌಂಡ್ ಆಗಬೇಕು. ಅದು ಬೀಜದ ಕ್ಯಾನ್ಸರ್ ಆಗಿದ್ದರೂ ಬೇಗ ಸಿಕ್ಕರೆ ಪೂರ್ತಿ ವಾಸಿಯಾಗುವಂಥದ್ದು. ನಾಚಿಕೆಯಿಂದ ತಡ ಮಾಡಿ ಬರುವ ಹುಡುಗರನ್ನು ನೋಡಿದರೆ ಸಂಕಟ ಆಗುತ್ತದೆ.

ನೋವೇ ಎಲ್ಲ ಹೇಳುವ ಕಾಯಿಲೆಯೂ ಒಂದಿದೆ. ಹೈಸ್ಕೂಲ್ ವಯಸ್ಸಿನ ಹುಡುಗ ನಿದ್ದೆಯಿಂದ ಎದ್ದು ಕಿಬ್ಬೊಟ್ಟೆ ನೋವು ಅನ್ನುತ್ತಾನೆ, ವಾಂತಿ ಮಾಡುತ್ತಾನೆ. ಬೀಜ ನೋಯ್ತಿದೆ ಅಂತ ಅಮ್ಮನ ಹತ್ತಿರ ಬಾಯಿ ಬಿಡಲ್ಲ. ಗ್ಯಾಸ್ಟ್ರಿಕ್ ಅಂತ ಮಾತ್ರೆ ಕೊಟ್ಟು ಮಲಗಿಸುತ್ತಾರೆ. ಒಳಗೆ ಬೀಜ ತನ್ನ ರಕ್ತನಾಳಗಳಿರುವ ಬಳ್ಳಿಯ ಮೇಲೆ ತಿರುಚಿಕೊಂಡು ರಕ್ತ ಓಡಾಟ ನಿಂತಿರುತ್ತದೆ. ಉಳಿಸಿಕೊಳ್ಳಲು ಇರುವ ಸಮಯ ಸುಮಾರು 6 ಗಂಟೆ. ಅಪ್ಪ ಒಮ್ಮೆ ಪಕ್ಕಕ್ಕೆ ಕರೆದು, ಕೆಳಗೆ ನೋಯ್ತಿದೆಯೇನೋ ಅಂತ ನೇರವಾಗಿ ಕೇಳಬೇಕು. ಹೌದು ಅಂದರೆ ತಕ್ಷಣ ಸರ್ಜನ್ ಇರುವ ಆಸ್ಪತ್ರೆಗೆ ಹೊರಡಿ. ದಾರಿಯಲ್ಲಿ ಟೀ, ಇಡ್ಲಿ ಕೊಡಿಸಬೇಡಿ, ಅನಸ್ತೇಶಿಯಾಗೆ ಹೊಟ್ಟೆ ಖಾಲಿ ಇದ್ದರೆ ಒಳ್ಳೆಯದು. ತಿರುಚಿದ್ದನ್ನು ಬಿಡಿಸಿ ಹೊಲಿಗೆ ಹಾಕುವಾಗ ಇನ್ನೊಂದು ಬೀಜಕ್ಕೂ ಅವತ್ತೇ ಹೊಲಿಗೆ ಹಾಕುತ್ತೇವೆ, ಮುಂದೆ ಅದೂ ತಿರುಚಿಕೊಳ್ಳಬಾರದಲ್ಲ.